ಪ್ರಾಣದೊಡನೆ ಮಾನವೂ ಉಳಿಯಲಿ

ರೋಗಗಳಲ್ಲಿ ಹೇಳಿಕೊಳ್ಳುವ ರೋಗ, ಹೇಳಿಕೊಳ್ಳಲಾಗದ ರೋಗ ಎಂದು ಎರಡು ಬಗೆ. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಜನ ಅಂಗಡಿ ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳುತ್ತಾರೆ. ಕೇಳಿದವರು ತಮಗೆ ತಿಳಿದ ಮದ್ದನ್ನೂ ಹೇಳುತ್ತಾರೆ. ಮೂತ್ರ ತಡೆಯಲಾಗದೆ ಪಂಚೆ ಒದ್ದೆಯಾಗುವ ಸಂಗತಿಯನ್ನು ಮಾತ್ರ ಗಂಡಸು ಹೆಂಡತಿಯ ಮುಂದೆ ಹೇಳಲೂ ಹಿಂಜರಿಯುತ್ತಾನೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವರಲ್ಲಿ ಅನೇಕರ ಪಾಡು ಇದು. ಇಂಥ ವಿಷಯ ಪತ್ರಿಕೆಯಲ್ಲಿ ಬರೆಯುವಂಥದೇ ಎಂದು ಕೆಲವು ಮಿತ್ರರು ಮೂಗು ಮುರಿಯಬಹುದು. ಬಟ್ಟೆ ಒದ್ದೆಯಾದೀತೆಂಬ ಒಂದೇ ಭಯದಿಂದ ದುಡಿಯುವ ಮನುಷ್ಯ ಅಂಗಡಿ, ಗಿರಣಿ, ಸಂತೆ, ಸಭೆ ಎಲ್ಲವನ್ನೂ ಬಿಟ್ಟು ಮನೆಯ ಮೂಲೆ ಹಿಡಿಯುವುದಾದರೆ ಅದು ಸಾರ್ವಜನಿಕ ವಿಷಯವೆಂದೇ ನಮ್ಮ ಅಭಿಪ್ರಾಯ.

ಪಕ್ಷದ ಕೆಲಸಕ್ಕಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಓಡಾಡುವ ನಮಗೆ ಇದರ ಇನ್ನೊಂದು ಮುಖವೂ ಕಂಡಿದೆ. "ಆಪರೇಷನ್ ಮಾಡಿಸಿಕೊಂಡರೆ ಸಾಯುವ ತನಕ ಸೋರುತ್ತದಂತೆ, ಅದಕ್ಕಿಂತ ಹೀಗೇ ಇರುವುದು ವಾಸಿ" ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿದೆ. ವಯಸ್ಸಾದವರಲ್ಲಿ ಈ ಕ್ಯಾನ್ಸರ್ ಕೆಲವೊಮ್ಮೆ ನಿಧಾನವಾಗಿ ಬೆಳೆಯುವುದರಿಂದ ಕಾದು ನೋಡೋಣವೆಂದು ವೈದ್ಯರೇ ಹೇಳುವುದುಂಟು. ಕೆಲವರಿಗೆ ವಿಕಿರಣ ಚಿಕಿತ್ಸೆ ಹೇಳುವುದೂ ಉಂಟು. ಆದರೆ ಆ ತೀರ್ಮಾನ ವೈದ್ಯರೊಡನೆ ಕುಳಿತು ಮಾಡಬೇಕಾದದ್ದು. ಕಟ್ಟೆಯ ಮೇಲಿನ ಗಾಳಿಮಾತಿಗೆ ಹೆದರಿ ಪ್ರಾಣ ಕಳೆದುಕೊಳ್ಳುವುದು ಬೇಡ. ಅದಕ್ಕಾಗಿ ನಿಜ ಏನೆಂದು ಮೊದಲು ತಿಳಿಯೋಣ.

ಗಂಡಸಿನ ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ಹೆಚ್ಚುಕಡಮೆ ಅಡಿಕೆಕಾಯಿಯ ಗಾತ್ರದ ಒಂದು ಗ್ರಂಥಿ ಇದೆ. ಅದೇ ಪ್ರಾಸ್ಟೇಟ್. ಮೂತ್ರ ತಾನಾಗಿ ಸೋರದಂತೆ ತಡೆಯಲು ಅಲ್ಲಿ ಎರಡು ಬಿಗಿಗಳಿವೆ: ಮೂತ್ರಕೋಶದ ಬಾಯಲ್ಲಿ ಒಂದು, ಗ್ರಂಥಿಯ ಕೆಳಗೆ ಇನ್ನೊಂದು. ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನು ತೆಗೆದಾಗ ಮೇಲಿನ ಬಿಗಿ ಹೋಗುತ್ತದೆ. ಇಬ್ಬರು ಹಮಾಲರು ಹೊರುತ್ತಿದ್ದ ಮೂಟೆ ಒಬ್ಬನ ಬೆನ್ನಿಗೆ ಬಿದ್ದಂತೆ, ಕೆಳಗಿನ ಸ್ನಾಯು ಒಂಟಿಯಾಗಿ ಕೆಲಸ ಮಾಡಬೇಕಾಗುತ್ತದೆ. ಒಂದೆರಡು ವಾರದ ಮೇಲೆ ಮೂತ್ರದ ಪೈಪು ತೆಗೆದ ದಿನದಿಂದ ಕೆಮ್ಮಿದರೆ, ಸೀನಿದರೆ, ಕುಳಿತವನು ಎದ್ದರೆ, ಬಿಂದಿಗೆ ಎತ್ತಿದರೆ ಸೋರುತ್ತದೆ. ಬಹುಪಾಲು ಜನರಿಗೆ ಇದು ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಕಡಮೆಯಾಗುತ್ತ ಬರುತ್ತದೆ. ಒಂದು ವರ್ಷದವರೆಗೂ ಸುಧಾರಣೆ ಕಾಣುವುದುಂಟು. ಕೆಲವರಿಗೆ ಮಾತ್ರ ಉಳಿದುಬಿಡುತ್ತದೆ. ಮುಪ್ಪಿನಲ್ಲಿ ಗ್ರಂಥಿ ಬರಿದೇ ದಪ್ಪವಾದುದಕ್ಕೆ ಮಾಡುವ ಶಸ್ತ್ರಕ್ರಿಯೆ ಬೇರೆ. ಅದರಲ್ಲಿ ಶಾಶ್ವತವಾಗಿ ಸೋರುವ ತೊಂದರೆ ವಿರಳ.

ಒಂಟಿಯಾದ ಆ ಸ್ನಾಯುವಿಗೆ ಬಲ ಕೊಡುವ ಅಭ್ಯಾಸ ಒಂದಿದೆ. ಅದಕ್ಕೆ ಕಾಸು ಬೇಡ, ಯಂತ್ರ ಬೇಡ. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೇಗಲ್ ಎಂಬ ಸ್ತ್ರೀರೋಗ ವೈದ್ಯರು ಹೆರಿಗೆಯ ನಂತರ ಮೂತ್ರ ಸೋರುವ ಹೆಂಗಸರಿಗಾಗಿ ಇಂಥ ಅಭ್ಯಾಸವನ್ನು ಪ್ರಚಾರಕ್ಕೆ ತಂದರು. ಇಂದು ಪ್ರಾಸ್ಟೇಟ್ ಶಸ್ತ್ರಕ್ರಿಯೆಯಾದ ಗಂಡಸರಿಗೂ ಅದನ್ನೇ ಹೇಳಿಕೊಡುತ್ತಾರೆ. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಹಿಡಿಯುವಾಗ ಯಾವ ಸ್ನಾಯು ಒಳಕ್ಕೆ ಎಳೆಯುತ್ತದೋ ಅದನ್ನು ಬಿಗಿಹಿಡಿದು ಐದು ಎಣಿಸುವುದು, ಸಡಿಲ ಬಿಟ್ಟು ಮತ್ತೆ ಐದು ಎಣಿಸುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಕುಂಡೆಗಳನ್ನು ಬಿಗಿಯಬಾರದು. ಪೈಪು ಇರುವಾಗ ಮಾಡಬಾರದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದೂ ಬೇಡ. ಕೆಮ್ಮು ಬರುವ ಮುನ್ನ, ಭಾರ ಎತ್ತುವ ಮುನ್ನ ಆ ಸ್ನಾಯುವನ್ನು ಬಿಗಿಹಿಡಿಯುವ ರೂಢಿ ಮಾಡಿಕೊಂಡರೆ ಅರ್ಧ ಗೆದ್ದಂತೆ. ಅಂಗಡಿಯ ಗಲ್ಲದ ಮುಂದೆ ಕುಳಿತವನು ಗಿರಾಕಿಗೆ ತಿಳಿಯದಂತೆ ಇದನ್ನು ಮಾಡಬಹುದು. ಸಾಧ್ಯವಾದರೆ ಶಸ್ತ್ರಕ್ರಿಯೆಗೆ ಮೊದಲೇ ಕಲಿತಿರುವುದು ಒಳ್ಳೆಯದು.

ಸೋರುತ್ತದೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಅದು ತಪ್ಪು. ನೀರು ಕಡಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ಮಲಬದ್ಧತೆಯೂ ಸೇರಿ ತೊಂದರೆ ಹೆಚ್ಚುತ್ತದೆ. ಕಡಮೆ ಮಾಡಬೇಕಾದದ್ದು ಕಾಫಿ, ಚಹ, ಹೆಂಡ. ಕಾಫಿಯ ನಾಡಿನಲ್ಲಿ ಕಾಫಿ ಬಿಡಿ ಎನ್ನುವುದು ಕಷ್ಟವೇ. ನಾಲ್ಕು ಲೋಟದ ಜಾಗದಲ್ಲಿ ಒಂದು ಲೋಟವೆಂದರೆ ಸಾಕು. ಮೂತ್ರ ಕಟ್ಟಿಹೋದರೆ, ಜ್ವರ ಬಂದರೆ, ರಕ್ತದ ಗಡ್ಡೆ ಬಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ವರ್ಷ ಕಳೆದರೂ ನಿಲ್ಲದವರಿಗೂ ದಾರಿ ಮುಚ್ಚಿಲ್ಲ. ಮೂತ್ರನಾಳಕ್ಕೆ ಆಸರೆಯಾಗಿ ಪಟ್ಟಿ ಕಟ್ಟುವ ಶಸ್ತ್ರಕ್ರಿಯೆ ಇದೆ. 1970ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು ರೂಪಿಸಿದ ಕೃತಕ ಬಿಗಿಯೂ ಇದೆ. ಚರ್ಮದಡಿಯ ಗುಂಡಿಯನ್ನು ಒತ್ತಿದರೆ ತೆರೆಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು. ವಿಜ್ಞಾನ ದಾರಿ ಮಾಡಿಕೊಟ್ಟಿದೆ. ಬಡವನಿಗೆ ಆ ದಾರಿಯ ಸುಂಕ ಕೊಡಲು ಆಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿಗೂ ಒಂದೇ. ಮಲೆನಾಡಿನಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಬಿಸಿಲು ಕಾಣದ ಊರುಗಳಲ್ಲಿ ಒಗೆದ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಕೆಲಸ. ದಿನಕ್ಕೆ ಐದಾರು ತುಂಡು ಬಟ್ಟೆ ಒದ್ದೆಯಾದರೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆ ಕುಡಿಸಿ ಒಣಗಿಸುವವಳು ಮನೆಯ ಹೆಂಗಸು. ಅರೆ ಒಣಗಿದ ಬಟ್ಟೆಯನ್ನೇ ಕಟ್ಟಿಕೊಂಡರೆ ತೊಡೆಸಂದು ಬೆಂದು ಹುಣ್ಣಾಗುತ್ತದೆ. ಪ್ರತಿ ಸಲವೂ ತೊಳೆದು, ಉಜ್ಜದೆ ಒತ್ತಿ ಒರೆಸಿ, ಪೂರಾ ಒಣಗಿದ ಮೇಲೆ ಬಟ್ಟೆ ಕಟ್ಟಬೇಕು.

ಹಾಗಾದರೆ ಪೇಟೆಯ ಡಯಾಪರ್ ಕೊಳ್ಳಿ ಎನ್ನುತ್ತಾರೆ. ಲೆಕ್ಕ ಹಾಕೋಣ. ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ. ದಿನಕ್ಕೆ ಮೂರು ಎಂದರೆ ತಿಂಗಳಿಗೆ ಸುಮಾರು 3,000 ರೂಪಾಯಿ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ವೃದ್ಧನಿಗೆ ಸರಕಾರ ಕೊಡುವ ಮಾಸಾಶನ 1,200 ರೂಪಾಯಿ. ಹತ್ತು ಹನ್ನೆರಡು ದಿನಕ್ಕೇ ಅದು ತೀರಿತು. ಉಳಿದ ದಿನ ಅವನು ಏನು ಮಾಡಬೇಕು? ಅಕ್ಕಿ ಬೇಳೆಯ ಮಾತಂತೂ ಬೇರೆಯೇ. ಸ್ತ್ರೀಯರ ಸ್ಯಾನಿಟರಿ ಪ್ಯಾಡಿನ ಮೇಲಿನ ತೆರಿಗೆಯನ್ನು 2018ರಲ್ಲಿ ಪೂರ್ತಿ ತೆಗೆದರು; ಅದು ಹೋರಾಟದ ಫಲ. ರೋಗಿಗಳ ಡಯಾಪರಿನ ಮೇಲೆ 12 ಇದ್ದ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರಿನಲ್ಲಿ ಶೇಕಡಾ 5ಕ್ಕೆ ಇಳಿಸಿದರು. ಇಳಿಸಿದ್ದು ಸರಿ, ಉಳಿಸಿದ್ದು ಏಕೆ? ಸೋರುವ ಮೂತ್ರದ ಮೇಲೆ ತೆರಿಗೆ ಎತ್ತುವ ಸರಕಾರ ಯಾವ ಬೊಕ್ಕಸ ತುಂಬಿಸಬೇಕಾಗಿದೆ?

2018ರಲ್ಲಿ ಬಂದ ಆಯುಷ್ಮಾನ್ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚು ಹೊರುತ್ತದೆ. ಒಳ್ಳೆಯದು, ಇದರಿಂದ ಪ್ರಾಣ ಉಳಿದವರು ನಮ್ಮ ನಡುವೆ ಇದ್ದಾರೆ. ಆದರೆ ಮನೆಗೆ ಬಂದ ಮೇಲಿನ ಔಷಧೋಪಚಾರಕ್ಕೆ ಅದರ ಹೊಣೆ 15 ದಿನ. ಪೈಪು ತೆಗೆಯುವ ಹೊತ್ತಿಗೆ ಯೋಜನೆ ಕೈ ತೊಳೆದುಕೊಳ್ಳುತ್ತದೆ. ರೋಗಿಯ ಕಷ್ಟ ಆಗ ಶುರುವಾಗುತ್ತದೆ. ಇ.ಎಸ್.ಐ. ಉಳ್ಳ ಗಿರಣಿ ಕೆಲಸಗಾರ ಒಂದು ಸಂಗತಿ ನೆನಪಿಡಬೇಕು: ಕ್ಯಾನ್ಸರಿನಂಥ ರೋಗಕ್ಕೆ ಸಾಮಾನ್ಯವಾದ 91 ದಿನಗಳ ಭತ್ಯೆ ಮುಗಿದ ಮೇಲೂ, ನಿಬಂಧನೆಗಳಿಗೆ ಒಳಪಟ್ಟು, ಸಂಬಳದ ಶೇಕಡಾ 80ರಂತೆ ಎರಡು ವರ್ಷಗಳವರೆಗೆ ಭತ್ಯೆ ಪಡೆಯಲು ಅವಕಾಶವಿದೆ. ಕೇಳದೆ ಬಿಟ್ಟವರು ಎಷ್ಟೋ ಮಂದಿ. ಏಳೆಂಟು ಆಳಿನ ಅಕ್ಕಿ ಗಿರಣಿ, ಮರದ ಮಿಲ್ಲಿನವರಿಗೆ, ಒಬ್ಬನೇ ನಡೆಸುವ ಕಿರಾಣಿ ಅಂಗಡಿಯವನಿಗೆ ಅದೂ ಇಲ್ಲ. ಅಂಗಡಿ ಬಾಗಿಲು ಹಾಕಿದ ದಿನ ಅವನ ಆದಾಯಕ್ಕೂ ಬಾಗಿಲು.

ಇನ್ನು ಪ್ರಯಾಣ. ಶೃಂಗೇರಿ, ಕೊಪ್ಪದವರು ತಪಾಸಣೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು, ನರಸಿಂಹರಾಜಪುರದವರು ಶಿವಮೊಗ್ಗಕ್ಕೆ, ಇಲ್ಲವೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ. ಸಾರಿಗೆ ಕೆಲಸಗಾರರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಆ ಬಸ್ಸಿನಲ್ಲಿ ಕಂಡಕ್ಟರು ಗುರುತಿನವನು. "ಸ್ವಲ್ಪ ನಿಲ್ಲಿಸು ಮಾರಾಯ" ಎಂದರೆ ತಿರುವಿನಾಚೆ ನಿಲ್ಲಿಸುತ್ತಿದ್ದ. ಈಗ ಗುರುತಿಲ್ಲದ ಬಸ್ಸಿನಲ್ಲಿ ಹಲ್ಲು ಕಚ್ಚಿ ಕೂರಬೇಕು. ನಿಲ್ದಾಣದಲ್ಲಿ ಇಳಿದರೆ ಗಂಡಸರ ಶೌಚಾಲಯದಲ್ಲಿ ಒದ್ದೆ ಡಯಾಪರ್ ಹಾಕಲು ಒಂದು ಡಬ್ಬವೂ ಇರುವುದಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಊರೂರು ತಿರುಗಬೇಕು. ಜಪಾನಿನ ಸೈತಾಮಾದಲ್ಲಿ ಇಂಥ ರೋಗಿಗಳ ಕೋರಿಕೆಯ ಮೇಲೆ 2022ರಿಂದೀಚೆಗೆ ಗಂಡಸರ ಶೌಚಾಲಯಗಳಲ್ಲಿ ಮುಚ್ಚಳದ ಡಬ್ಬ ಇಟ್ಟಿದ್ದಾರೆ. ಒಂದು ಡಬ್ಬಕ್ಕೆ ಎಷ್ಟು ಖರ್ಚು? ಪಟ್ಟಣ ಪಂಚಾಯಿತಿಯ ಒಂದು ಸನ್ಮಾನದ ಹಾರ ಶಾಲುಗಳಿಗಿಂತ ಕಡಮೆ.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಅಭ್ಯಾಸ ಹೇಳಿಕೊಡುವವರು ವಾರಕ್ಕೊಂದು ದಿನವಾದರೂ ಇರಬೇಕು. ಶಸ್ತ್ರಕ್ರಿಯೆಯಾದ ಬಡ ರೋಗಿಗೆ ಒಂದು ವರ್ಷದವರೆಗೆ ಡಯಾಪರನ್ನು ಔಷಧವೆಂದೇ ಎಣಿಸಿ ಸರಕಾರ ಕೊಡಬೇಕು. ಅದರ ಮೇಲಿನ ತೆರಿಗೆ ಪೂರ್ತಿ ಹೋಗಬೇಕು. ಬಸ್ ನಿಲ್ದಾಣ, ಸಂತೆಮಾಳ, ಗಿರಣಿಗಳ ಗಂಡಸರ ಶೌಚಾಲಯದಲ್ಲಿ ನೀರು, ಬಾಗಿಲು, ಮುಚ್ಚಳದ ಡಬ್ಬ ಇರಬೇಕು. ಗಿರಣಿಯ ಧಣಿಗಳು ಇಂಥ ಕೆಲಸಗಾರನಿಗೆ ಕೆಲವು ತಿಂಗಳು ಮೂಟೆ ಹೊರುವ ಕೆಲಸ ತಪ್ಪಿಸಿ, ಎದ್ದು ಹೋಗಿ ಬರಲು ಬಿಡುವು ಕೊಡಬೇಕು. ಇದು ದಯೆಯ ಮಾತಲ್ಲ, ನ್ಯಾಯದ ಮಾತು.

ಓದುಗರಿಗೂ ಒಂದು ಮಾತು. ಹೆರಿಗೆಯ ನಂತರ ಇದೇ ಕಷ್ಟವನ್ನು ನಮ್ಮ ತಾಯಂದಿರು, ಅಕ್ಕಂದಿರು ತಲೆತಲಾಂತರದಿಂದ ಬಾಯಿ ಬಿಡದೆ ಅನುಭವಿಸಿದರು; ಆಗ ಗಂಡಸರು ಕೇಳಲಿಲ್ಲ. ಮೇಲೆ ಹೇಳಿದ ಅಭ್ಯಾಸ ಅವರಿಗೂ ಆಗುತ್ತದೆ, ಮನೆಯಲ್ಲಿ ಹೇಳಿರಿ. ಅಂಗಡಿಗೆ ಬರುವುದನ್ನು ನಿಲ್ಲಿಸಿದ ಗೆಳೆಯನ ಮನೆಗೆ ಹೋಗಿರಿ. ಸಭೆಗೆ ಬಂದವನು ನಡುವೆ ಎದ್ದು ಹೊರಗೆ ಹೋದರೆ ನಗಬೇಡಿರಿ. ಬಾಗಿಲ ಹತ್ತಿರದ ಜಾಗವನ್ನು ಅವನಿಗೆ ಬಿಟ್ಟುಕೊಡಿರಿ.