ಬೆಳ್ಳಿತೆರೆಯ ಸದ್ದು: ನಿಜವೋ, ನಟನೆಯೋ?

ಚಲನಚಿತ್ರವು ಕಣ್ಣಿನ ಕಲೆಯೆಂಬುದು ಜನಜನಿತವಾದ ಮಾತು. ಆದರೆ ಪ್ರೇಕ್ಷಕನನ್ನು ನಂಬಿಸುವ ಕಾರ್ಯದಲ್ಲಿ ಕಿವಿಯ ಪಾತ್ರವೂ ಕಿರಿದೇನಲ್ಲ. ತೆರೆಯ ಮೇಲೆ ಕುದುರೆ ಓಡಿದರೆ ಗೊರಸಿನ ಸಪ್ಪಳ, ಕದ ತೆರೆದರೆ ಕಿರ್ರೆಂಬ ದನಿ ಕೇಳುತ್ತದೆ. ಇವೆಲ್ಲ ಚಿತ್ರೀಕರಣದ ಸ್ಥಳದಲ್ಲಿಯೇ ಹಿಡಿದ ಧ್ವನಿಗಳೆಂದು ನಾವು ಭಾವಿಸುತ್ತೇವೆ. ವಸ್ತುಸ್ಥಿತಿ ಬಹುಮಟ್ಟಿಗೆ ಬೇರೆಯೇ ಆಗಿದೆ.

ಅಮೆರಿಕದ ಯೂನಿವರ್ಸಲ್ ಸ್ಟುಡಿಯೋದಲ್ಲಿ ದುಡಿದ ಜಾಕ್ ಫೋಲಿ (1891–1967) ಎಂಬಾತನು, ವಾಕ್ಚಿತ್ರಗಳ ಆರಂಭಕಾಲದಲ್ಲಿ, ತೆರೆಯ ಮೇಲೆ ಓಡುವ ಚಿತ್ರವನ್ನು ನೋಡುತ್ತ ಅದಕ್ಕೆ ಹೊಂದುವಂತೆ ಹೆಜ್ಜೆಯ ಸಪ್ಪಳ, ಬಟ್ಟೆಯ ಸರಸರ ಶಬ್ದಗಳನ್ನು ಕೈಕಾಲುಗಳಿಂದಲೇ ಹೊರಡಿಸುವ ಕ್ರಮವನ್ನು ರೂಢಿಸಿದನು. ಇಂದಿಗೂ ಆ ವಿದ್ಯೆ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತೆಂಗಿನ ಕರಟಗಳು ಕುದುರೆಯ ಗೊರಸಾಗುತ್ತವೆ. ಚೀಲದಲ್ಲಿ ತುಂಬಿ ಹಿಸುಕಿದ ಮೆಕ್ಕೆಜೋಳದ ಪಿಷ್ಟ ಹಿಮದ ಮೇಲಿನ ನಡಿಗೆಯಾಗುತ್ತದೆ. ಸೆಲರಿ ಸೊಪ್ಪಿನ ದಂಟನ್ನು ಮುರಿದರೆ ಎಲುಬು ಮುರಿದಂತಾಗುತ್ತದೆ.

ಈ ಕೌಶಲವನ್ನು ನಾನು ಹಳಿಯುತ್ತಿಲ್ಲ. ಬಯಲಾಟದಲ್ಲಿ ಮದ್ದಳೆಯ ಪೆಟ್ಟು ಯುದ್ಧವನ್ನು ಸೂಚಿಸಿದರೆ ಯಾರೂ ಮೋಸಹೋಗುವುದಿಲ್ಲ. ಅದು ಸಂಕೇತವೆಂದು ಎಲ್ಲರೂ ಬಲ್ಲರು. ಚಲನಚಿತ್ರವಾದರೋ ಸಂಕೇತವನ್ನೇ ಸತ್ಯವೆಂದು ಒಪ್ಪಿಸುತ್ತದೆ. ತೆರೆಯ ಮೇಲೆ ದೂರದಲ್ಲಿ ಮಿಂಚಿದೊಡನೆಯೇ ಗುಡುಗು ಕೇಳುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುವುದರಿಂದ, ಒಂದು ಕಿಲೋಮೀಟರು ದೂರದ ಗುಡುಗು ನಮ್ಮನ್ನು ಮುಟ್ಟಲು ಸುಮಾರು 3 ಸೆಕೆಂಡು ಬೇಕು. ಗಾಳಿಯಿಲ್ಲದ ಅಂತರಿಕ್ಷದಲ್ಲಂತೂ ಶಬ್ದವೇ ಹರಡದು. ಆದರೂ 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ನೌಕೆಗಳು ಮೊರೆಯುತ್ತವೆ. ಆ ಮೊರೆತಗಳಲ್ಲೊಂದು ಆನೆಯ ಘೀಳಿಗೆ ಒದ್ದೆ ರಸ್ತೆಯ ಮೇಲಿನ ಕಾರಿನ ಸದ್ದನ್ನು ಬೆರೆಸಿ ಮಾಡಿದ್ದು. ಅದಕ್ಕೂ ಮುನ್ನವೇ, 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಸ್ಟ್ಯಾನ್ಲಿ ಕುಬ್ರಿಕ್‌ನು ಅಂತರಿಕ್ಷದ ಮೌನವನ್ನು ಮೌನವಾಗಿಯೇ ಉಳಿಸಿದ ದೃಶ್ಯಗಳುಂಟು. ಅವುಗಳ ಭೀಕರತೆ ಯಾವ ಅಬ್ಬರಕ್ಕೂ ಕಡಿಮೆಯದಲ್ಲ.

ಇದರಿಂದ ಹಾನಿಯೇನೆಂದು ಕೇಳಬಹುದು. ಹಾನಿಯಿರುವುದು ಹೊಡೆದಾಟದ ದೃಶ್ಯಗಳಲ್ಲಿ. ತೆರೆಯ ಮೇಲಿನ ಗುದ್ದು ಸಿಡಿಲಿನಂತೆ ಮೊಳಗುತ್ತದೆ. ಪೆಟ್ಟು ತಿಂದವನು ಮರುಕ್ಷಣವೇ ಎದ್ದು ನಿಲ್ಲುತ್ತಾನೆ. ನಿಜವಾದ ಗುದ್ದಿಗೆ ಅಂತಹ ಸದ್ದಿಲ್ಲ, ನೋವು ಮಾತ್ರ ಉಂಟು. ಸದ್ದಿನ ಸೊಗಸಿಗೆ ಒಲಿದ ಎಳೆಯ ಮನಸ್ಸು ಆ ನೋವನ್ನು ಮರೆತೀತೆಂಬುದೇ ನನ್ನ ಕಳವಳ.

ಚಲನಚಿತ್ರವನ್ನು ನೋಡಬೇಡಿರೆಂದು ವಿದ್ಯಾರ್ಥಿಗಳಿಗೆ ನಾನು ಹೇಳಲಾರೆ. ಮುಂದಿನ ಮಳೆಗಾಲದಲ್ಲಿ ಮಿಂಚಿಗೂ ಗುಡುಗಿಗೂ ನಡುವಣ ಅಂತರವನ್ನು ಅವರೊಮ್ಮೆ ಎಣಿಸಿ ನೋಡಲಿ. ಕಿವಿಯನ್ನು ಸತ್ಯಕ್ಕೆ ಪಳಗಿಸಿಕೊಂಡವನು ಕಲೆಯ ಕೃತ್ರಿಮವನ್ನು ಸವಿಯಬಲ್ಲನು, ಅದಕ್ಕೆ ಮರುಳಾಗನು.