ಮಲಗೋ ಜಾಗಕ್ಕೆ ಯಾವ ಪತ್ರ ತರೋಣ?

ಓಟು ಕೇಳೋಕೆ ಬರುವವರಿಗೆ ನಮ್ಮ ಕೇರಿಯ ದಾರಿ ಚೆನ್ನಾಗಿ ಗೊತ್ತು. ವಿಳಾಸ ಕೇಳದೆ ಕೈಮುಗಿದು ಒಳಕ್ಕೇ ಬರ್ತಾರೆ. ಅದೇ ಕೇರಿಯ ಹುಡುಗ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂತ ಹೋದರೆ ಮಾತ್ರ, 'ನೀನು ಅಲ್ಲೇ ಇದೀಯ ಅನ್ನೋದಕ್ಕೆ ಪುರಾವೆ ಏನು?' ಅಂತಾರೆ.

ಪುರಾವೆ ಅಂದರೆ ಕರೆಂಟ್ ಬಿಲ್ಲು, ಬ್ಯಾಂಕ್ ಪುಸ್ತಕ, ನೋಂದಾಯಿಸಿದ ಬಾಡಿಗೆ ಕರಾರು, ಜಮೀನಿನ ದಾಖಲೆ. ಕೊಡಗಿನ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಇವೆಲ್ಲ ಎಲ್ಲಿಂದ ಬರಬೇಕು? ಮನೆ ಧಣಿಯದು. ರಾಯಚೂರು, ಕಲಬುರಗಿ ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡ ಕಟ್ಟುವವರು ತಗಡಿನ ಶೆಡ್ಡಿನಲ್ಲಿರುತ್ತಾರೆ. ಕಟ್ಟಡ ಮುಗಿದರೆ ಶೆಡ್ಡೂ ಇಲ್ಲ. ಆಧಾರ್ ಇದೆಯಲ್ಲ ಎನ್ನಬಹುದು. ಅದರಲ್ಲಿರೋದು ಬಿಟ್ಟು ಬಂದ ಊರಿನ ವಿಳಾಸ.

ಬಂಧುಗಳೇ, ಕಾನೂನು ಹೀಗೆ ಹೇಳೋದಿಲ್ಲ. 1950ರ ಜನಪ್ರತಿನಿಧಿ ಕಾಯಿದೆ ಕೇಳೋದು, ನೀನು ಸಾಮಾನ್ಯವಾಗಿ ಎಲ್ಲಿ ವಾಸ ಮಾಡ್ತೀಯ ಅಂತ. ಊರಲ್ಲಿ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಮತದಾರ ಆಗೋದಿಲ್ಲ. ಇದು ಅದೇ ಕಾಯಿದೆಯ 20ನೇ ಕಲಮು. ಮನೆಯೇ ಇಲ್ಲದವನ ಬಗ್ಗೆ ಚುನಾವಣಾ ಆಯೋಗದ ಸೂಚನೆ ಇದೆ: ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವನು ಅಲ್ಲಿ ಮಲಗೋದನ್ನು ಕಣ್ಣಾರೆ ನೋಡಬೇಕು, ಕಾಗದ ಕೇಳಬಾರದು. ಎಷ್ಟು ಒಳ್ಳೆಯ ಮಾತು! ಆದರೆ ಆ ಕೆಲಸವನ್ನು ಅಂಗನವಾಡಿ ಹೆಣ್ಣುಮಗಳ ತಲೆ ಮೇಲೆ ಹಾಕಿ ರಾತ್ರಿ ಹೋಗು ಅಂದರೆ ಆಕೆಯಾದರೂ ಹೇಗೆ ಹೋಗಬೇಕು?

1935ರ ಕಾಯಿದೆಯಲ್ಲಿ ಆಸ್ತಿ, ತೆರಿಗೆ, ಓದು ಇದ್ದವರಿಗೇ ಹೆಚ್ಚಾಗಿ ಓಟು. ವಯಸ್ಸಿಗೆ ಬಂದ ಎಲ್ಲರಿಗೂ ಓಟು ಬೇಕೆಂದು ಬಾಬಾಸಾಹೇಬರು 1928ರಲ್ಲೇ ಸೈಮನ್ ಆಯೋಗದ ಮುಂದೆ ಕೇಳಿದ್ದರು. ಸಂವಿಧಾನದ 326ನೇ ವಿಧಿ ಆ ಆಸ್ತಿ ಷರತ್ತನ್ನು ಕಿತ್ತುಹಾಕಿತು. ಈಗ ಅದು ವಿಳಾಸದ ವೇಷ ಹಾಕ್ಕೊಂಡು ಹಿತ್ತಲ ಬಾಗಿಲಲ್ಲಿ ಬರ್ತಿದೆ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆಗೆ 11 ದಾಖಲೆ ಹೆಸರಿಸಿದರು. ಬಡವರ ಕೈಲಿರೋ ಆಧಾರ್, ರೇಷನ್ ಕಾರ್ಡು ಅದರಲ್ಲಿ ಇರಲಿಲ್ಲ. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಕಾಣೆ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಅಂದರು. ಕಾರಣ ಸಮೇತ ಹೆಸರು ಪ್ರಕಟಿಸಿ ಅಂತ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಕೋರ್ಟು ಹೇಳಿದ ಮೇಲೇ ಆಧಾರ್ ಹನ್ನೆರಡನೆಯದಾಯಿತು.

ಕಳ್ಳ ಓಟು ತಡೀಬೇಡವೇ? ತಡೀಬೇಕು. ನಮ್ಮ ಓಟನ್ನು ಬೇರೆಯವರು ಹಾಕಿ, ನಮ್ಮನ್ನು ಬೂತಿಂದ ವಾಪಸ್ ಕಳಿಸಿದ ಕಾಲ ಕಂಡವರು ನಾವು. 1993ರಲ್ಲಿ ಗುರುತಿನ ಚೀಟಿ ಬಂದದ್ದು ನಮಗೂ ಬೇಕಾಗಿತ್ತು. ಆದರೆ ಚೀಟಿ ಜೇಬಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಇದು ಬಹಳ ಜನಕ್ಕೆ ಗೊತ್ತಾಗೋದು ಓಟಿನ ದಿನವೇ.

ಅದಕ್ಕೇ ಕರಡು ಪಟ್ಟಿ ಬಂದ ದಿನ ಕೇರಿಯ ಹುಡುಗರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯೋ ಮೊದಲು ಆ ಮನುಷ್ಯನ ಮಾತು ಕೇಳಬೇಕು ಅಂತ 22ನೇ ಕಲಮಿದೆ. ಕೇಳದೆ ತೆಗೆದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಿ. ಪತ್ರವಿಲ್ಲದವರು ನಮೂನೆ 6ರಲ್ಲಿ ಮಲಗೋ ಜಾಗವನ್ನೇ ಬರೆಯಿರಿ, ಸ್ವೀಕೃತಿ ಇಸ್ಕೊಳ್ಳಿ, 'ರಾತ್ರಿ ಬಂದು ನೋಡಿ ಸ್ವಾಮಿ' ಅಂತ ಹೇಳಿ ಬನ್ನಿ.