ಸರಪಳಿ ದಾಟುವ ಹಣಕ್ಕೆ ಸೇತುವೆ ಎಷ್ಟು ಭದ್ರ?

ಮಂಗಳೂರು: 2025ರ ಜನವರಿ 17ರಂದು ಹಾಡಹಗಲೇ ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ನುಗ್ಗಿದ ಶಸ್ತ್ರಧಾರಿಗಳು ಗ್ರಾಹಕರು ಅಡವಿಟ್ಟಿದ್ದ ಚಿನ್ನವನ್ನು ದೋಚಿದರು. ಮಂಗಳೂರು ಪೊಲೀಸರು ಕೆಲವೇ ದಿನಗಳಲ್ಲಿ ತಮಿಳುನಾಡಿನವರೆಗೆ ಬೆನ್ನಟ್ಟಿ ಆರೋಪಿಗಳನ್ನು ಹಿಡಿದರು. ಬಹುಪಾಲು ಚಿನ್ನವೂ ಸಿಕ್ಕಿತು. ಚಿನ್ನಕ್ಕೆ ತೂಕವಿದೆ. ಅದನ್ನು ಸಾಗಿಸಲು ಕಾರು ಬೇಕು, ಕಾರು ಹೋಗಲು ರಸ್ತೆ ಬೇಕು, ರಸ್ತೆಯಲ್ಲಿ ಟೋಲ್‌ಗೇಟ್ ಇರುತ್ತದೆ.

ಅದೇ ವರ್ಷದ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಸಂಸ್ಥೆಯ ಆಂತರಿಕ ಖಾತೆಯೊಂದರಿಂದ ಸುಮಾರು 4.4 ಕೋಟಿ ಡಾಲರ್, ಅಂದರೆ 379 ಕೋಟಿ ರೂಪಾಯಿಯಷ್ಟು ಮೌಲ್ಯ ಮಾಯವಾಯಿತು. ಬೆಂಗಳೂರಿನ ವೈಟ್‌ಫೀಲ್ಡ್ ವಿಭಾಗದ ಸೆನ್ ಠಾಣೆಯಲ್ಲಿ ದೂರು ದಾಖಲಾಯಿತು. ನಸುಕಿನಲ್ಲಿ ಕೇವಲ ಒಂದು ಯುಎಸ್‌ಡಿಟಿ ಕಳುಹಿಸಿ ದಾರಿ ತೆರೆದಿದೆಯೇ ಎಂದು ಕಳ್ಳರು ಪರೀಕ್ಷಿಸಿದ್ದರು. ಬೆಳಿಗ್ಗೆ ಉಳಿದದ್ದೆಲ್ಲವೂ ಹೊರಟಿತು. ಕದ್ದ ಹಣದ ಒಂದು ಭಾಗ ಸೊಲಾನಾ ಎಂಬ ಬ್ಲಾಕ್‌ಚೈನ್‌ನಿಂದ ಇಥೀರಿಯಂ ಎಂಬ ಇನ್ನೊಂದಕ್ಕೆ 'ಬ್ರಿಡ್ಜ್' ಮೂಲಕ ದಾಟಿತು. ಅಲ್ಲಿ ಟೋಲ್‌ಗೇಟ್ ಇರಲಿಲ್ಲ.

ಗ್ರಾಹಕರ ಹಣಕ್ಕೆ ಧಕ್ಕೆಯಾಗಿಲ್ಲ, ನಷ್ಟವನ್ನು ತನ್ನ ಖಜಾನೆಯಿಂದಲೇ ಭರಿಸುವುದಾಗಿ ಸಂಸ್ಥೆ ಪ್ರಕಟಿಸಿತು. ಹಣ ಮರಳಿ ಪಡೆಯಲು ನೆರವಾದವರಿಗೆ ಸಿಕ್ಕಿದ್ದರಲ್ಲಿ ಶೇ. 25ರವರೆಗೆ ಬಹುಮಾನವನ್ನೂ ಘೋಷಿಸಿತು. ಅಷ್ಟು ದೊಡ್ಡ ಸಂಸ್ಥೆಗೆ ಖಜಾನೆ ಇದೆ. ಆದರೆ ಅದೇ ಬಗೆಯ ಸೇತುವೆಯ ಮೇಲೆ ತನ್ನ ಐವತ್ತು ಸಾವಿರ ರೂಪಾಯಿಯ ಉಳಿತಾಯವನ್ನು ದಾಟಿಸುವ ಸಣ್ಣ ಹೂಡಿಕೆದಾರನಿಗೆ ಏನಿದೆ?

ಅಡವಿನ ಚೀಟಿಯ ವ್ಯಾಪಾರ

ಮಂಗಳೂರಿನ ಶಕ್ತಿನಗರದಲ್ಲಿ ನೆಲೆಸಿರುವ ಉದ್ಯೋಗಿಯೊಬ್ಬರ ಬಳಿ ಇಥೀರಿಯಂ ಜಾಲದಲ್ಲಿ ಒಂದು ಸಾವಿರ ಡಾಲರ್ ಮೌಲ್ಯದ ನಾಣ್ಯಗಳಿವೆ ಎಂದು ಭಾವಿಸೋಣ. ಆ ಜಾಲದಲ್ಲಿ ದಟ್ಟಣೆ ಹೆಚ್ಚಿದಾಗ ಪ್ರತಿ ವಹಿವಾಟಿನ ಶುಲ್ಕವೂ ಏರುತ್ತದೆ. ಆದ್ದರಿಂದ ಅವರು ಅಗ್ಗದ ಇನ್ನೊಂದು ಜಾಲಕ್ಕೆ ಹೋಗಬಯಸುತ್ತಾರೆ. ತೊಡಕೆಂದರೆ ಒಂದು ಬ್ಲಾಕ್‌ಚೈನ್‌ಗೆ ಇನ್ನೊಂದರಲ್ಲಿ ನಡೆಯುವುದು ಕಾಣಿಸುವುದಿಲ್ಲ. ಎರಡೂ ಪ್ರತ್ಯೇಕ ಲೆಕ್ಕದ ಪುಸ್ತಕಗಳು.

ಇಲ್ಲಿಯೇ ಬ್ರಿಡ್ಜ್ ಬರುತ್ತದೆ. ಹೆಸರು ಸೇತುವೆಯಾದರೂ ವಾಸ್ತವದಲ್ಲಿ ಏನೂ ದಾಟುವುದಿಲ್ಲ. ಮೊದಲ ಜಾಲದಲ್ಲಿ ನಾಣ್ಯವನ್ನು ಬೀಗ ಹಾಕಿ ಇಡಲಾಗುತ್ತದೆ. ಎರಡನೆಯ ಜಾಲದಲ್ಲಿ ಅದಕ್ಕೆ ಪ್ರತಿಯಾಗಿ ಒಂದು ಹೊಸ ಟೋಕನ್ ಕೊಡಲಾಗುತ್ತದೆ. ಸಹಕಾರಿ ಸಂಘದಲ್ಲಿ ಚಿನ್ನ ಅಡವಿಟ್ಟು ಚೀಟಿ ಪಡೆದಂತೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ಚೀಟಿಯನ್ನೇ ಜನ ಚಿನ್ನವೆಂದು ಕೊಳ್ಳುತ್ತಾರೆ, ಮಾರುತ್ತಾರೆ. ಪೆಟ್ಟಿಗೆ ಬರಿದಾದ ಗಳಿಗೆಯಲ್ಲಿ ಚೀಟಿ ಬರಿಯ ಕಾಗದವಾಗುತ್ತದೆ.

ಎಲ್ಲರ ನಾಣ್ಯಗಳೂ ಒಂದೇ ಪೆಟ್ಟಿಗೆಯಲ್ಲಿ ಶೇಖರವಾಗುವುದರಿಂದ ಕಳ್ಳರ ಕಣ್ಣು ಅದರ ಮೇಲೆ ಬೀಳುವುದು ಸಹಜ. ಆದ್ದರಿಂದ ಪೆಟ್ಟಿಗೆಯ ಕೀಲಿ ಎಷ್ಟು ಜನರ ಕೈಯಲ್ಲಿದೆ, ಅವರು ಯಾರು ಎಂಬುದೇ ಮುಖ್ಯ ಪ್ರಶ್ನೆ.

ಕುಸಿದ ಸೇತುವೆಗಳು

ಈ ಪ್ರಶ್ನೆಗೆ 2022 ಒಂದೇ ವರ್ಷ ಸಾಕಷ್ಟು ಕಹಿ ಉತ್ತರಗಳನ್ನು ಕೊಟ್ಟಿತು. ಫೆಬ್ರುವರಿಯಲ್ಲಿ ವರ್ಮ್‌ಹೋಲ್ ಎಂಬ ಸೇತುವೆಯಲ್ಲಿ ಸಹಿ ಪರಿಶೀಲಿಸುವ ಸಂಕೇತದಲ್ಲಿದ್ದ ಲೋಪವನ್ನು ಬಳಸಿ 1.2 ಲಕ್ಷ ಈಥರ್‌ಗೆ ಸಮನಾದ ಟೋಕನ್‌ಗಳನ್ನು ಠೇವಣಿಯೇ ಇಲ್ಲದೆ ಸೃಷ್ಟಿಸಲಾಯಿತು. ಅಂದರೆ ಚಿನ್ನವಿಲ್ಲದೆ ಚೀಟಿ ಬರೆಯಲಾಯಿತು. ಮಾರ್ಚ್‌ನಲ್ಲಿ ರೋನಿನ್ ಸೇತುವೆಯ ಒಂಬತ್ತು ಪರಿಶೀಲಕ ಕೀಲಿಗಳ ಪೈಕಿ ಐದು ಕಳ್ಳರ ವಶವಾಗಿ 60 ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ಆಗಸ್ಟ್‌ನಲ್ಲಿ ನೋಮ್ಯಾಡ್ ಸೇತುವೆಯ ದೋಷಯುಕ್ತ ಪರಿಷ್ಕರಣೆಯಿಂದಾಗಿ, ಮೊದಲ ಕಳ್ಳನ ವಹಿವಾಟನ್ನು ನಕಲು ಮಾಡಿ ವಿಳಾಸ ಬದಲಿಸಿದವರೆಲ್ಲ ಹಣ ತೆಗೆಯುವಂತಾಯಿತು. ಹೋದದ್ದು ಸುಮಾರು 19 ಕೋಟಿ ಡಾಲರ್.

2023ರ ಮಲ್ಟಿಚೈನ್ ಪ್ರಕರಣ ಇನ್ನೊಂದು ಬಗೆಯದು. ಹಲವು ಜಾಲಗಳನ್ನು ಜೋಡಿಸುತ್ತಿದ್ದ ಈ ಸೇತುವೆಯ ಮುಖ್ಯಸ್ಥನನ್ನು ಚೀನಾದ ಪೊಲೀಸರು ಮೇ ತಿಂಗಳಲ್ಲಿ ಕರೆದೊಯ್ದರು. ಜುಲೈನಲ್ಲಿ ಸುಮಾರು 12.5 ಕೋಟಿ ಡಾಲರ್ ಅನುಮಾನಾಸ್ಪದವಾಗಿ ಹೊರಹೋದ ನಂತರವಷ್ಟೇ, ಇಡೀ ವ್ಯವಸ್ಥೆಯ ಹಿಡಿತ ಆ ಒಬ್ಬ ವ್ಯಕ್ತಿಯ ಬಳಿಯಿತ್ತೆಂದು ತಂಡ ಒಪ್ಪಿಕೊಂಡಿತು. ವಿಕೇಂದ್ರೀಕರಣವೆಂಬ ದೊಡ್ಡ ಮಾತಿನ ಹಿಂದೆ ಒಂದೇ ಬೀಗದ ಕೈ ಇತ್ತು.

ಈ ಪ್ರಕರಣಗಳಲ್ಲಿ ಬ್ಲಾಕ್‌ಚೈನ್‌ನ ಗಣಿತವೇ ಸೋತಿತೆನ್ನಲಾಗದು. ಸೋತದ್ದು ಎರಡು ಜಾಲಗಳ ನಡುವಿನ ಮಾನವ ನಿರ್ಮಿತ ಕೊಂಡಿ: ಕೀಲಿಗಳ ಕಾವಲು, ಸಂಕೇತ ಬರೆದವರ ಎಚ್ಚರ, ಪರಿಷ್ಕರಣೆಯ ಶಿಸ್ತು. ಕಾಯಿನ್‌ಡಿಸಿಎಕ್ಸ್ ಪ್ರಕರಣದಲ್ಲೂ ಪೊಲೀಸರು ಸಂಸ್ಥೆಯ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಅವರು ಮಾಡುತ್ತಿದ್ದ ಹೊರಗಿನ ಅರೆಕಾಲಿಕ ಕೆಲಸದ ಮೂಲಕ ಕಳ್ಳರು ಒಳಹೊಕ್ಕಿರಬೇಕೆಂಬುದು ತನಿಖೆಯ ಜಾಡು.

ವಿನಿಮಯ ಕೇಂದ್ರವೇ ಸುರಕ್ಷಿತವೇ?

ಹಾಗಾದರೆ ಸೇತುವೆಯ ಗೊಡವೆ ಬಿಟ್ಟು, ನೋಂದಾಯಿತ ವಿನಿಮಯ ಕೇಂದ್ರಕ್ಕೆ ಒಂದು ಜಾಲದಲ್ಲಿ ನಾಣ್ಯ ಕಳುಹಿಸಿ ಇನ್ನೊಂದು ಜಾಲದಲ್ಲಿ ಹಿಂಪಡೆಯಬಹುದಲ್ಲವೇ? ಆ ಕೇಂದ್ರ ಎರಡೂ ಜಾಲಗಳನ್ನು ಬೆಂಬಲಿಸಿ, ಹಿಂಪಡೆಯಲು ಅವಕಾಶ ಕೊಡುವುದಾದರೆ ಖಂಡಿತ ಸಾಧ್ಯ. ಕನಿಷ್ಠಪಕ್ಷ ವಿಳಾಸವಿರುವ ಸಂಸ್ಥೆಯೊಂದು ಉತ್ತರದಾಯಿಯಾಗಿರುತ್ತದೆ. ಆದರೆ ಇದಕ್ಕೂ ಮಿತಿಯಿದೆ.

2024ರ ಜುಲೈ 18ರಂದು ವಜೀರ್‌ಎಕ್ಸ್ ಸಂಸ್ಥೆಯಿಂದ 23 ಕೋಟಿ ಡಾಲರ್‌ಗೂ ಹೆಚ್ಚಿನ ಆಸ್ತಿ ಕಳುವಾಯಿತು. ಹಲವರ ಸಹಿ ಬೇಕಾಗುವ ವಾಲೆಟ್‌ನಿಂದಲೇ ಅದು ಹೋಯಿತು. ಅದು ಉತ್ತರ ಕೊರಿಯಾದ ಕೃತ್ಯವೆಂದು ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ಭಾರತದ ಲಕ್ಷಾಂತರ ಗ್ರಾಹಕರ ಭವಿಷ್ಯ ಸಿಂಗಪುರದ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾಯಿತು. ವಹಿವಾಟು ಪುನರಾರಂಭವಾದದ್ದು 2025ರ ಅಕ್ಟೋಬರ್‌ನಲ್ಲಿ, ಹದಿನೈದು ತಿಂಗಳ ನಂತರ.

ಈ ಪ್ರಕರಣದಿಂದಲೇ ಹೂಡಿಕೆದಾರರಿಗೆ ಮಹತ್ವದ ಒಂದು ಆದೇಶ ದೊರೆಯಿತು. ಕಳುವಾದದ್ದು ಇಥೀರಿಯಂ ಮಾದರಿಯ ಟೋಕನ್‌ಗಳು. ಗ್ರಾಹಕರೊಬ್ಬರ ಬಳಿ ಇದ್ದದ್ದು ಬೇರೆಯೇ ಜಾಲದ ಎಕ್ಸ್‌ಆರ್‌ಪಿ ನಾಣ್ಯಗಳು. ಆದರೂ ನಷ್ಟವನ್ನು ಎಲ್ಲರ ಮೇಲೂ ಹಂಚುವ ಯೋಜನೆಯಲ್ಲಿ ಅವರ ಖಾತೆಯೂ ಸೇರಿತ್ತು. ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋ ಕರೆನ್ಸಿಯು 'ಆಸ್ತಿ'ಯೇ, ಅದನ್ನು ನಂಬಿಕೆಯ ಮೇಲೆ ಇನ್ನೊಬ್ಬರ ಬಳಿ ಇರಿಸಬಹುದು ಎಂದು ಹೇಳಿ ಆ ಗ್ರಾಹಕರಿಗೆ ಮಧ್ಯಂತರ ರಕ್ಷಣೆ ನೀಡಿತು. ಯಾವ ಜಾಲದಲ್ಲಿ ನಿಮ್ಮ ನಾಣ್ಯವಿದೆ ಎಂಬುದು ತಾಂತ್ರಿಕ ವಿವರ ಮಾತ್ರವಲ್ಲ, ನ್ಯಾಯಾಲಯದಲ್ಲಿ ನಿಮ್ಮ ಹಕ್ಕನ್ನು ನಿರ್ಧರಿಸುವ ಸಂಗತಿಯೂ ಹೌದು ಎಂಬುದು ಇದರ ತಾತ್ಪರ್ಯ.

ಕಾನೂನಿನ ಅರ್ಧ ಬಾಗಿಲು

ರಿಸರ್ವ್ ಬ್ಯಾಂಕ್ 2018ರಲ್ಲಿ ಹೇರಿದ್ದ ಬ್ಯಾಂಕಿಂಗ್ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದುಪಡಿಸಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ, ವರ್ಗಾವಣೆಯ ಮೇಲೆ ಶೇ. 1 ಟಿಡಿಎಸ್ ಬಂತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. 2023ರ ಮಾರ್ಚ್‌ನಲ್ಲಿ ವಿನಿಮಯ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು. ಅವು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸರ್ಕಾರ ತೆರಿಗೆಯನ್ನು ಭದ್ರಪಡಿಸಿಕೊಂಡಿದೆ; ಕಪ್ಪುಹಣದ ಮೇಲೆ ಕಣ್ಣಿಟ್ಟಿದೆ. ಹೂಡಿಕೆದಾರನ ಹಣದ ಸುರಕ್ಷತೆ ಈ ಎರಡರಲ್ಲೂ ಇಲ್ಲ. ನೋಂದಣಿ ಎಂದರೆ ಖಾತರಿ ಎಂದಲ್ಲ. ಕಚೇರಿಯೇ ಇಲ್ಲದ, ಕೇವಲ ಸಂಕೇತಗಳ ಸಮೂಹವಾದ ಸೇತುವೆಗಳ ಮಟ್ಟಿಗಂತೂ ಯಾರನ್ನು ನೋಂದಾಯಿಸಬೇಕೆಂಬುದೇ ಪ್ರಶ್ನೆ. ಬೀಗ ಹಾಕಿಸಿ ಹೊಸ ಟೋಕನ್ ಪಡೆಯುವುದು ತೆರಿಗೆಯ ದೃಷ್ಟಿಯಲ್ಲಿ 'ವರ್ಗಾವಣೆ'ಯೇ ಎಂಬ ಬಗ್ಗೆಯೂ ಸೇತುವೆಗಳನ್ನೇ ಉದ್ದೇಶಿಸಿದ ಸ್ಪಷ್ಟ ನಿಯಮ ಕಾಯ್ದೆಯಲ್ಲಿ ಇಲ್ಲ. ದಾಟುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು.

ಕರಾವಳಿಗೆ ಈ ವಿಷಯ ದೂರದ್ದಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಮನೆಗಳು ಇಲ್ಲಿ ಊರಿಗೂರಿಗೆ ಇವೆ. ಬ್ಯಾಂಕ್ ಮೂಲಕ ಬಂದ ಹಣಕ್ಕೆ ದಾಖಲೆಯಿದೆ. ವಾಲೆಟ್‌ಗೆ ಬಂದ ಯುಎಸ್‌ಡಿಟಿಯನ್ನು ಅಪರಿಚಿತರಿಗೆ ಮಾರಿ ಖಾತೆಗೆ ರೂಪಾಯಿ ಹಾಕಿಸಿಕೊಂಡಾಗ, ಆ ರೂಪಾಯಿ ಯಾರನ್ನೋ ವಂಚಿಸಿ ತಂದದ್ದಾಗಿದ್ದರೆ, ಪೊಲೀಸರ ಸೂಚನೆಯಂತೆ ನಿಮ್ಮ ಖಾತೆಯೇ ಸ್ಥಗಿತವಾಗಬಹುದು. ಶುಲ್ಕದಲ್ಲಿ ಉಳಿಸಿದ ನೂರು ರೂಪಾಯಿ ಠಾಣೆಯ ಅಲೆದಾಟಕ್ಕೂ ಸಾಲುವುದಿಲ್ಲ.

ದಾಟಲೇಬೇಕಾದವರಿಗೆ

ಈ ಲೇಖನ ಕ್ರಿಪ್ಟೋ ಹೂಡಿಕೆಯನ್ನು ಶಿಫಾರಸು ಮಾಡುತ್ತಿಲ್ಲ. ಈಗಾಗಲೇ ಹಣ ಹಾಕಿದವರು ಅಪಾಯವನ್ನು ತಗ್ಗಿಸಿಕೊಳ್ಳಲು ಸಾಧ್ಯ ಎಂಬುದಷ್ಟೇ ಇಲ್ಲಿನ ವಿವಕ್ಷೆ.

ಮೊದಲನೆಯದಾಗಿ, ದಾಟುವ ಅಗತ್ಯವಿದೆಯೇ ಎಂದು ಕೇಳಿಕೊಳ್ಳಿ. ಬೇಕಾದ ಜಾಲದಲ್ಲೇ ನಾಣ್ಯ ಕೊಂಡರೆ ಸೇತುವೆಯೇ ಬೇಡ.

ಎರಡನೆಯದಾಗಿ, ಜಾಲದ ಹೆಸರನ್ನು ಎರಡು ಬಾರಿ ಓದಿ. ಒಂದೇ ಯುಎಸ್‌ಡಿಟಿ ಟ್ರಾನ್, ಇಥೀರಿಯಂ, ಸೊಲಾನಾ ಮುಂತಾದ ಹಲವು ಜಾಲಗಳಲ್ಲಿದೆ. ತಪ್ಪು ಜಾಲಕ್ಕೆ ಕಳುಹಿಸಿದ್ದನ್ನು ಹಿಂದಕ್ಕೆ ತರುವುದು ಹಲವು ಬಾರಿ ಅಸಾಧ್ಯ. ಮೊದಲು ಚಿಕ್ಕ ಮೊತ್ತ ಕಳುಹಿಸಿ, ಅದು ತಲುಪಿದ ಮೇಲೆ ಉಳಿದದ್ದನ್ನು ಕಳುಹಿಸಿ. ಕಳ್ಳರೇ ಒಂದು ಯುಎಸ್‌ಡಿಟಿಯಿಂದ ಪರೀಕ್ಷಿಸುವಾಗ ಮಾಲೀಕರಿಗೆ ಅವಸರವೇಕೆ?

ಮೂರನೆಯದಾಗಿ, ಅಡವಿನ ಪೆಟ್ಟಿಗೆಯಿಲ್ಲದ ದಾರಿಯಿದ್ದರೆ ಅದನ್ನೇ ಆರಿಸಿ. ಯುಎಸ್‌ಡಿಸಿ ನಾಣ್ಯವನ್ನು ಹೊರಡಿಸುವ ಸರ್ಕಲ್ ಸಂಸ್ಥೆ 2023ರಿಂದ ಒಂದು ಜಾಲದಲ್ಲಿ ನಾಣ್ಯವನ್ನು ನಾಶಪಡಿಸಿ ಇನ್ನೊಂದರಲ್ಲಿ ಅಸಲಿ ನಾಣ್ಯವನ್ನೇ ಸೃಷ್ಟಿಸುವ ವ್ಯವಸ್ಥೆ ನಡೆಸುತ್ತಿದೆ. ಇಲ್ಲೂ ನಂಬಿಕೆ ಬೇಕು. ಆದರೆ ನಾಣ್ಯ ಹೊರಡಿಸಿದವರನ್ನು ನಂಬಿದರೆ ಸಾಕು, ಮಧ್ಯದವರನ್ನಲ್ಲ.

ನಾಲ್ಕನೆಯದಾಗಿ, ವಾಲೆಟ್ ಕೇಳುವ 'ಅನುಮತಿ'ಯನ್ನು ಆಯಾ ಮೊತ್ತಕ್ಕೆ ಮಾತ್ರ ಕೊಡಿ, ಕೆಲಸ ಮುಗಿದ ಮೇಲೆ ರದ್ದುಮಾಡಿ. 2024ರ ಜುಲೈನಲ್ಲಿ ಲೈಫೈ ಎಂಬ ಸೇವೆಯ ಮೇಲೆ ದಾಳಿ ನಡೆದಾಗ ಸುಮಾರು ಒಂದು ಕೋಟಿ ಡಾಲರ್ ಕಳೆದುಕೊಂಡವರು ಮಿತಿಯಿಲ್ಲದ ಅನುಮತಿ ಕೊಟ್ಟಿದ್ದವರು. ಸಹಿ ಮಾಡಿದ ಖಾಲಿ ಚೆಕ್ಕನ್ನು ಕೌಂಟರಿನಲ್ಲಿ ಬಿಟ್ಟುಬಂದಂತೆ ಅದು.

ಐದನೆಯದಾಗಿ, ದಾಟಿದ ಟೋಕನ್ನನ್ನು ಚೀಟಿಯಾಗಿಯೇ ಕಾಣಿ. ಕೆಲಸ ಮುಗಿದೊಡನೆ ಮೂಲ ನಾಣ್ಯಕ್ಕೆ ಮರಳಿಸಿ, ವರ್ಷಗಟ್ಟಲೆ ಇಡಬೇಡಿ.

ಇಷ್ಟಾದರೂ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೆನ್ ಠಾಣೆಯಲ್ಲಿ ದೂರು ಕೊಡಿ. ವಹಿವಾಟಿನ ಸಂಖ್ಯೆ ಮತ್ತು ವಾಲೆಟ್ ವಿಳಾಸಗಳನ್ನು ಬರೆದಿಟ್ಟುಕೊಳ್ಳಿ. ಕದ್ದ ನಾಣ್ಯ ವಿನಿಮಯ ಕೇಂದ್ರವೊಂದನ್ನು ತಲುಪಿದರೆ ತಡೆಹಿಡಿಯುವ ಅವಕಾಶ ಉಂಟು. ಯುಎಸ್‌ಡಿಟಿಯಂತಹ ನಾಣ್ಯವನ್ನು ಹೊರಡಿಸಿದ ಸಂಸ್ಥೆಯೂ ಸ್ಥಗಿತಗೊಳಿಸಬಲ್ಲದು. ಆದರೆ ಇನ್ನೆರಡು ಸೇತುವೆ ದಾಟಿಬಿಟ್ಟರೆ ಆ ಆಸೆಯೂ ಕ್ಷೀಣಿಸುತ್ತದೆ.

ಹೊಣೆ ಯಾರದು?

ಬ್ಯಾಂಕುಗಳನ್ನು ಹೆತ್ತ ನೆಲವಿದು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕಟ್ಟುವವನ ಮನೆಬಾಗಿಲಿಗೂ ಏಜೆಂಟ್ ಬರುತ್ತಿದ್ದ. ಆ ನಂಬಿಕೆಗೆ ಕಾಲಕ್ರಮೇಣ ಕಾನೂನಿನ ಬೆಂಬಲವೂ ಒದಗಿತು. ಇಂದು ಬ್ಯಾಂಕ್ ಮುಳುಗಿದರೂ ಪ್ರತಿ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ.

ಕ್ರಿಪ್ಟೋ ಸೇತುವೆಗಳಿಗೆ ಅಂತಹ ಆಸರೆ ಕೊಡಬೇಕೆಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಅದಕ್ಕಿಂತ ಕಡಿಮೆ. ಗ್ರಾಹಕರ ಆಸ್ತಿಯನ್ನು ಸಂಸ್ಥೆಯ ಆಸ್ತಿಯಿಂದ ಬೇರೆಯಾಗಿಡುವ ಕಡ್ಡಾಯ, ಯಾವ ಜಾಲದಲ್ಲಿ ಯಾರ ಕಾವಲಿನಲ್ಲಿ ನಾಣ್ಯವಿದೆ ಎಂದು ತಿಳಿಸುವ ಕಡ್ಡಾಯ, ಕಳವಾದರೆ ಗ್ರಾಹಕರಿಗೆ ತಕ್ಷಣ ಹೇಳುವ ಕಡ್ಡಾಯ. ಐರೋಪ್ಯ ಒಕ್ಕೂಟ ಇಂತಹ ನಿಯಮಗಳನ್ನು 2024ರ ಡಿಸೆಂಬರ್‌ನಿಂದ ಪೂರ್ಣವಾಗಿ ಜಾರಿಗೆ ತಂದಿದೆ. ಶೇ. 30 ತೆರಿಗೆ ಪಡೆಯುವ ಸರ್ಕಾರ ಇಷ್ಟನ್ನಾದರೂ ಮಾಡುವುದು ನ್ಯಾಯ. ಅಲ್ಲಿಯವರೆಗೆ ಕಾವಲುಗಾರನೂ ಹೂಡಿಕೆದಾರನೇ.